ಸೊನ್ನೆಗೆ ಹೊದಿಸಿದ ಶಾಲು

...ಅಥವಾ ಅದು ಅರಿಶಿನವೇ ಅಲ್ಲದೆ ಇದ್ದಿರಬಹುದು. ಶಾನುಭೋಗರು ಊಟ ಮುಗಿಸಿ, ಕೈ ಸರಿಯಾಗಿ ತೊಳೆಯದೆ ಪಟ್ಟಿ ಬರೆಯಲು ಕೂತು, ಬೆರಳಿನ ಹುಳಿ ಕಾಗದಕ್ಕೆ ಅಂಟಿರಬಹುದು. ಆದರೆ ಹುಳಿಯ ಕಲೆ ಸಾಲು ಹಿಡಿದು, ಒಂದರ ಕೆಳಗೊಂದು, ‘ಮರಣದ ಕಾರಣ’ ಎಂಬ ಕಾಲಮ್ಮಿನೊಳಗೇ ಬೀಳುತ್ತದೆಯೇ? ಹೀಗೆ ಕೇಳಿಕೊಂಡಾಗಲೆಲ್ಲ ಆ ಬೊಟ್ಟುಗಳು ನನಗೆ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ನನಗೆ ಅನುಮಾನ ಬರುವುದೇ ಅದರಿಂದ. ನಲವತ್ತು ವರ್ಷದ ಹಿಂದಿನ ಕಲೆ ಮಾಸುತ್ತ ಹೋಗಬೇಕು. ನನ್ನದು ಬಣ್ಣ ಏರುತ್ತ ಹೋಗುತ್ತಿದೆ.

ಎಲ್ಲಿ ನಡೆದದ್ದು ಎಂದು ಹೇಳುತ್ತೇನೆ, ಪೂರ್ತಿ ಹೇಳುವುದಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಊರುಗಳ ನಡುವೆಯೇ ನನ್ನ ಸರ್ವೀಸು ಕಳೆಯಿತು. ಆ ಕಡೆಯ ಒಂದು ಕಚೇರಿ ಎಂದಿಟ್ಟುಕೊಳ್ಳಿ. ಅರವತ್ತರ ದಶಕ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ನನಗೆ ಇಪ್ಪತ್ತಾರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಹೆಂಡತಿ, ಅವಳ ಬಾಣಂತನಕ್ಕೆ ಬಂದು ಉಳಿದುಕೊಂಡಿದ್ದ ನಮ್ಮ ಅತ್ತೆ, ಕತ್ತು ನಿಲ್ಲುತ್ತಿದ್ದ ಹೆಣ್ಣುಮಗು.

ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಜನನ ಮರಣದ ಮೇಜು. ಹಳ್ಳಿಗಳ ಶಾನುಭೋಗರು ತಿಂಗಳಿಗೊಮ್ಮೆ ಪಟ್ಟಿ ಬರೆದು ತೋಟಿಗಳ ಕೈಲಿ ಕಳಿಸುತ್ತಿದ್ದರು. ಹುಟ್ಟಿದವರು ಒಂದು ಹಾಳೆ, ಸತ್ತವರು ಇನ್ನೊಂದು. ಸತ್ತವರ ಹಾಳೆಯಲ್ಲಿ ಹೆಸರು, ವಯಸ್ಸು, ಕೊನೆಗೆ ಕಾರಣ. ನಾನು ಅವನ್ನೆಲ್ಲ ಕೂಡಿಸಿ ಮೇಲಕ್ಕೆ ಕಳಿಸುವ ಒಂದು ದೊಡ್ಡ ತಖ್ತೆ ತಯಾರಿಸಬೇಕು. ತಖ್ತೆಯ ನೆತ್ತಿಯಲ್ಲಿ ಅಚ್ಚಾದ ಕಾಲಮ್ಮುಗಳು ಇದ್ದವು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಇತರೆ. ಸತ್ತವರು ಯಾರೇ ಆಗಲಿ ಈ ಆರರಲ್ಲಿ ಒಂದಕ್ಕೆ ಇಳಿಯಲೇಬೇಕು.

ಇಲ್ಲೊಂದು ತೊಡಕಿತ್ತು. ಹಳ್ಳಿಗಳಲ್ಲಿ ಯಾರೂ ಸಿಡುಬು ಎನ್ನುತ್ತಿರಲಿಲ್ಲ. ಅಮ್ಮ ಎನ್ನುತ್ತಿದ್ದರು. ಗುಡಿಯಲ್ಲಿ ಕೂತವಳೂ ಅಮ್ಮ, ಮೈಮೇಲೆ ಏಳುವುದೂ ಅಮ್ಮ. ಮನೆಗೆ ಅಮ್ಮ ಬಂದಿದ್ದಾಳೆ, ಇನ್ನೂ ಇದ್ದಾಳೆ, ಇಳಿದಳು. ಸತ್ತರೆ, ಅಮ್ಮ ಕರೆದುಕೊಂಡಳು. ಅದಕ್ಕೆ ಗಟ್ಟಿಯಾಗಿ ಅಳುವ ಹಾಗೂ ಇಲ್ಲ. ಪಾವಗಡದ ದಿಕ್ಕಿಗೆ ಹೋದರೆ ಅಮ್ಮವಾರು. ಶಾನುಭೋಗರಲ್ಲಿ ಕೆಲವರು ಧೈರ್ಯ ಮಾಡಿ ‘ಮೈಲಿಬೇನೆ’ ಎಂದು ಬರೆಯುತ್ತಿದ್ದರು, ಕೆಲವರು ಜ್ವರ ಎಂದು ಸುಮ್ಮನಾಗುತ್ತಿದ್ದರು. ಬಸ್ ರಸ್ತೆಯಿಂದ ಎರಡು ಹರದಾರಿ ಒಳಗಿದ್ದ, ಮನೆಯಲ್ಲಿ ತೆಲುಗು ಬೀದಿಯಲ್ಲಿ ಕನ್ನಡ ಆಡುವ ಒಂದು ಗಡಿಹಳ್ಳಿಯ ಶಾನುಭೋಗರು ಮಾತ್ರ ಏನೂ ಬರೆಯುತ್ತಿರಲಿಲ್ಲ. ಕಾರಣದ ಜಾಗದಲ್ಲಿ ಒಂದು ಹಳದಿ ಬೊಟ್ಟು ಇಡುತ್ತಿದ್ದರು.

ಒಂದು ಸಲ ಅವರೇ ಪಟ್ಟಿ ತಂದಾಗ ಇದೇನೆಂದು ಕೇಳಿದೆ. ಮುದುಕರು. ಟೋಪಿ ತೆಗೆದು ಬೆವರು ಒರೆಸಿಕೊಂಡು, ನನ್ನ ಮೇಜಿನ ಮಸಿಕುಡಿಕೆಯನ್ನು ಬೆರಳಿನಿಂದ ದೂರ ತಳ್ಳಿದರು.

“ಆಯಮ್ಮನ ಹೆಸರು ಮಸೀಲಿ ಬರೀತಾರೇನಪ್ಪ? ಕೂಗಿ ಕರೆದಂಗಾಗ್ತದೆ. ಬೊಟ್ಟು ಇಟ್ಟೀನಲ್ಲ, ಅಮ್ಮವಾರಿಗೂ ಮರ್ಯಾದೆ ಆಯ್ತು, ಸರ್ಕಾರಕ್ಕೂ ಗೊತ್ತಾಯ್ತು.”

ಸರ್ಕಾರ ಎಂದಾಗ ಅವರು ನನ್ನನ್ನೇ ನೋಡಿದರು. ಆ ಹೊತ್ತಿಗೆ ಸರ್ಕಾರ ನಾನೇ ಆಗಿದ್ದೆ. ನನಗೆ ಗೊತ್ತೂ ಆಗಿತ್ತು.

ಬೊಟ್ಟಿದ್ದ ಸಾಲುಗಳನ್ನು ನಾನು ‘ಇತರೆ’ಗೆ ಹಾಕಿದೆ. ಇದನ್ನು ಮುಂದೆ ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳುವಾಗಲೆಲ್ಲ ನಮ್ಮ ಶಿರಸ್ತೇದಾರರನ್ನು ಒಳಗೆ ತಂದಿದ್ದೇನೆ. ನಾನು ಪಟ್ಟಿ ಹಿಡಿದು ಅವರ ಮುಂದೆ ನಿಂತೆ, ಅವರು ನಶ್ಯ ಏರಿಸುತ್ತ, “ಫಾರಂನಲ್ಲಿ ಅಮ್ಮನಿಗೆ ಕಾಲಂ ಎಲ್ಲಿದೆಯಯ್ಯ? ಇತರೆಗೆ ಹಾಕು” ಎಂದರು, ನಾನು ಹಾಕಿದೆ. ಕೇಳಿದವರು ನಗುತ್ತಿದ್ದರು. ಆದರೆ ಆ ತಿಂಗಳುಗಳಲ್ಲಿ ಶಿರಸ್ತೇದಾರರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿ ಬೆಂಗಳೂರಿಗೆ ಹೋಗಿದ್ದರು ಎಂಬುದೂ ನನ್ನ ನೆನಪಿನಲ್ಲೇ ಇದೆ. ಅವರ ಖಾಲಿ ಕುರ್ಚಿಯ ಮೇಲೆ ಜವಾನ ಬೆಕ್ಕನ್ನು ಮಲಗಿಸುತ್ತಿದ್ದ. ಎರಡೂ ನಿಜವಾಗಿರಲಾರವು. ಬೆಕ್ಕು ನಿಜವೆಂದು ಈಗ ನನಗೆ ತೋರುತ್ತದೆ. ಹಾಗಾದರೆ ಆ ಮಾತು ಆಡಿದವರು ಯಾರು?

ಇನ್ನೊಂದು ಚೂರು ನೆನಪಿದೆ, ಇದನ್ನು ಯಾರಿಗೂ ಹೇಳಿರಲಿಲ್ಲ. ಲೇಖಣಿ ಸಿಡುಬು ಎಂಬ ಕಾಲಮ್ಮಿನ ಮೇಲೆ ಬಂದು ನಿಂತಿದೆ. ಮನೆಯಲ್ಲಿ ಮಗು ಇದೆ. ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಲ್ಲ, ಅತ್ತೆ ಬಿಟ್ಟಿಲ್ಲ. ‘ನಗ್ತಾ ಇರೋ ಮಗೀನ ಚುಚ್ಚಿ ಅಮ್ಮನ್ನ ಮನೆಗೆ ಕರೀತೀರಾ’ ಎಂದು ಜಗಳ ಮಾಡಿದ್ದಾರೆ. ನಾನು ಓದಿದವನು, ಅತ್ತೆಯನ್ನು ನೋಡಿ ನಗುವವನು. ನನ್ನ ಕೈ ಆ ಕಾಲಮ್ಮಿನಲ್ಲಿ ಒಂದು ಅಂಕಿ ಬರೆಯಲಾರದೆ ಪಕ್ಕಕ್ಕೆ, ಪಕ್ಕಕ್ಕೆ ಸರಿದು ಕೊನೆಯ ಕಾಲಮ್ಮಿಗೆ ಹೋಯಿತು. ಸಿಡುಬಿನ ಕೆಳಗೆ ಒಂದು ದುಂಡನೆಯ ಸೊನ್ನೆ ಬರೆದೆ.

ಆ ಹಳ್ಳಿ ಸೇರಿದ್ದ ಸರ್ಕಲ್ಲಿಗೆ ದಾಕು ಹಾಕುವವರು ಸಿರಾದ ಒಬ್ಬ ಸಾಬರು. ಐವತ್ತರ ಹತ್ತಿರದವರು, ಸಣ್ಣ ಆಳು, ಕುರುಚಲು ಗಡ್ಡ, ಹ್ಯಾಂಡಲ್ಲಿಗೆ ಫ್ಲಾಸ್ಕು ನೇತುಹಾಕಿದ ಸೈಕಲ್ಲು. ದಾಕಿನ ಮದ್ದು ಹೊಟ್ಟಿನಲ್ಲಿ ಸುತ್ತಿದ ಐಸಿನ ಜೊತೆ ತುಮಕೂರಿನ ಬಸ್ಸಿನಲ್ಲಿ ಬರುತ್ತಿತ್ತು. ಐಸು ಕರಗುವ ಮೊದಲು ಹಳ್ಳಿ ಮುಟ್ಟಬೇಕೆಂದು ಅವರು ಯಾರ ಜೊತೆಗೂ ನಿಂತು ಮಾತಾಡುತ್ತಿರಲಿಲ್ಲ. ಚನ್ನರಾಯನದುರ್ಗದ ಕಡೆಯಾಗಲಿ, ಮಿಡಿಗೇಶಿಯ ಕಡೆಯಾಗಲಿ, ಅವರು ಸೈಕಲ್ ಹೊತ್ತುಕೊಂಡು ಹತ್ತದ ದಿಬ್ಬವಿರಲಿಲ್ಲ ಎಂದು ಬಸ್ಸಿನವರು ಹೇಳುತ್ತಿದ್ದರು.

ಅವರ ಕೆಲಸದ ಗುಟ್ಟೆಲ್ಲ ನಾಲಿಗೆಯಲ್ಲಿತ್ತು. ಸಿಡುಬು ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ, ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೇವು ಕಟ್ಟಿದ ಮನೆಯ ಮುಂದೆ ಚಪ್ಪಲಿ ಬಿಟ್ಟು, ಅಮ್ಮನ ಮುದ್ರೆ ಹಾಕೋಕೆ ಬಂದಿದೀನವ್ವ ಎನ್ನುತ್ತಿದ್ದರು. ಚುಚ್ಚಿದ ಗಾಯ ಒಣಗಿ ಉಳಿಯುವ ಗುರುತಿಗೆ ಮುದ್ರೆ ಎಂಬ ಹೆಸರು ಇಟ್ಟವರು ಅವರೇ. ಸಾಬರ ಕೈಲಿ ಅಮ್ಮನ ಮುದ್ರೆ ಹಾಕಿಸ್ಕೊಂಡೋ ಎಂದು ಜನ ತಮಾಷೆ ಮಾಡಿಕೊಂಡೇ ತೋಳು ಚಾಚುತ್ತಿದ್ದರು. ಕಚೇರಿಯಲ್ಲೂ ಅವರು ಅಮ್ಮ ಎಂದೇ ಮಾತಾಡುತ್ತಿದ್ದರು, ಬಹುಶಃ ಮನೆಯಲ್ಲೂ. ಇಪ್ಪತ್ತು ವರ್ಷ ಹೀಗೆ ಪಳಗಿಸಿದ ನಾಲಿಗೆ.

ಆ ಗಡಿಹಳ್ಳಿ ಮಾತ್ರ ಬಗ್ಗಲಿಲ್ಲ. ಹಿಂದಿನ ವರ್ಷ ದಾಕು ಹಾಕಿಸಿಕೊಂಡ ಒಂದು ಕೂಸು ಎಂಟು ದಿನದೊಳಗೆ ಬೇರೇನೋ ಆಗಿ ಸತ್ತಿತ್ತು. ಅಲ್ಲಿಂದ ಅವರನ್ನು ಕಂಡರೆ ಮಕ್ಕಳನ್ನು ಅಟ್ಟಕ್ಕೆ ಹತ್ತಿಸುತ್ತಿದ್ದರು. ಒಬ್ಬ ಮುದುಕಿ ಬಾಗಿಲಿಗೆ ಅಡ್ಡ ಕೂತು ಹೇಳಿದ್ದನ್ನು ಅವರು ನನ್ನ ಮೇಜಿನ ಮುಂದೆ ಆಡಿ ತೋರಿಸಿದ್ದರು: “ಬೇವು ಕಟ್ಟಿರಾದು ಕಾಣಾಕಿಲ್ವಾ ಸಾಬಣ್ಣ? ಆಯಮ್ಮ ಒಳಗವ್ಳೆ. ಒಂದು ಮನ್ಯಾಗೆ ಇಬ್ರು ಅಧಿಕಾರಿಗಳು ಇರಾಕಾಯ್ತದಾ? ನೀನು ಓಗ್ಬುಟ್ಟು ಬಾ.”

ಅವರು ನಗುತ್ತಲೇ ಆಡಿ ತೋರಿಸಿದ್ದು. ಆದರೆ ಅವರ ಬೇಡಿಕೆ ಆಗಲೇ ಬರವಣಿಗೆಯಲ್ಲಿತ್ತು. ಬೇಸಿಗೆ ಬರುವುದರೊಳಗೆ ಆ ಹಳ್ಳಿಗೆ ಮಾತ್ರ ಬೇರೆಯಾಗಿ ದಾಕು ಬೇಕು, ಜೊತೆಗೆ ಅಮಲ್ದಾರರೋ ಇನ್ಯಾರೋ ದೊಡ್ಡವರು ಒಂದು ದಿನ ಬಂದು ಊರ ಮುಂದೆ ಕೂರಬೇಕು, ಪಟೇಲರು ಮೊದಲು ತೋಳು ಕೊಟ್ಟರೆ ಉಳಿದವರು ಕೊಡುತ್ತಾರೆ. ಬೇಸಿಗೆಯಲ್ಲಿ ಅದು ಹಬ್ಬುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅರ್ಜಿ ಮೇಲಕ್ಕೆ ಹೋಗಿ ಮೇಲೆಯೇ ಇತ್ತು.

ಆ ಚಳಿಗಾಲದಲ್ಲಿ ಸುತ್ತೋಲೆ ಬಂತು. ಉತ್ತಮ ಸೇವೆ ಸಲ್ಲಿಸಿದ ಸರ್ಕಾರಿ ನೌಕರರನ್ನು ಗುರುತಿಸಿ ಗಣರಾಜ್ಯೋತ್ಸವದ ದಿನ ಮಧುಗಿರಿಯಲ್ಲಿ ಸನ್ಮಾನ ಮಾಡುತ್ತಾರೆ, ನಿಮ್ಮಲ್ಲಿಂದ ಒಂದು ಹೆಸರು ಕಳಿಸಿ ಎಂದು. ಯಾರನ್ನು ಕಳಿಸಿದರೆ ಯಾರಿಗೆ ಸಿಟ್ಟು ಬರುತ್ತದೆ ಎಂಬ ಲೆಕ್ಕಾಚಾರ ಒಂದು ವಾರ ನಡೆಯಿತು. ಕೊನೆಗೆ ಯಾರಿಗೂ ಸಿಟ್ಟು ಬಾರದ ಹೆಸರು ಸಿಕ್ಕಿತು. ದಾಕಿನ ಸಾಬರು. ಅವರ ಸರ್ಕಲ್ಲಿನ ವರ್ಷದ ತಖ್ತೆಯಲ್ಲಿ ಸಿಡುಬಿನ ಕೆಳಗೆ ಸೊನ್ನೆ ಇತ್ತು. ಇಂಥ ಸೊನ್ನೆ ಅಕ್ಕಪಕ್ಕದ ಯಾವ ಸರ್ಕಲ್ಲಿನಲ್ಲೂ ಇರಲಿಲ್ಲ. ಅಮಲ್ದಾರರಿಗೆ ಅದನ್ನು ನೋಡಿ ಬಹಳ ಸಂತೋಷವಾಯಿತು. ಶಿಫಾರಸು ಬರೆಯಲು ನನಗೇ ಹೇಳಿದರು, ನನ್ನ ಅಕ್ಷರ ದುಂಡಗಿತ್ತು. ‘ಸದರಿಯವರ ಅವಿರತ ಪರಿಶ್ರಮದಿಂದ ಈ ವಲಯದಲ್ಲಿ ಸಿಡುಬಿನಿಂದ ಒಂದೂ ಮರಣ ಸಂಭವಿಸಿರುವುದಿಲ್ಲ’ ಎಂದು ಬರೆದೆ. ವಾಕ್ಯ ಈಗಲೂ ಬಾಯಿಗೆ ಬರುತ್ತದೆ. ಇಲ್ಲಿ ಮಾತ್ರ ನನ್ನ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

ಶಿಫಾರಸಿಗೆ ಬೇಕೆಂದು ತೆಗೆದ ಹಳ್ಳಿ ಪಟ್ಟಿಗಳು ಮತ್ತೆ ಕಡತದ ಕಟ್ಟಿನೊಳಗೆ ಹೋಗಲಿಲ್ಲ. ನನ್ನ ಮೇಜಿನ ಪಕ್ಕದ ಕಿಟಕಿಕಟ್ಟೆಯ ಮೇಲೆ, ಕಲ್ಲು ಹೇರಿಸಿಕೊಂಡು ಬಿಸಿಲಿಗೆ ಮೈಕೊಟ್ಟು ಬಿದ್ದಿದ್ದವು. ಇದನ್ನು ಆಮೇಲೆ ಹೇಳುತ್ತೇನೆ.

ಸುದ್ದಿ ತಿಳಿದ ಮರುದಿನವೇ ಸಾಬರು ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ನನ್ನ ಮೇಜಿನ ಹತ್ತಿರ ನಿಂತರು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಸೊನ್ನೆ ಎಲ್ಲಿಂದ ಬಂತು ಎಂದು ಕೇಳಿದರು. ಆ ಹಳ್ಳಿಯಲ್ಲಿ ಹೋದ ಬೇಸಿಗೆಯಲ್ಲೂ ದೀಪಾವಳಿಯ ಹೊತ್ತಿಗೂ ತೀರಿಕೊಂಡ ಮಕ್ಕಳ ಮನೆಗಳನ್ನು ಒಂದೊಂದಾಗಿ ಹೇಳಿದರು, ಹೆಸರಿನಿಂದಲ್ಲ. ಬಾವಿಯ ಪಕ್ಕದ ಮನೆ, ಕುಂಬಾರನ ಮನೆ, ಅಟ್ಟದ ಮನೆ ಎಂದು. ಅವರ ಮಾತಿನ ಸಾರ ಇಷ್ಟು: ಸೊನ್ನೆ ಇರುವ ಕಡೆಗೆ ಬೇರೆಯಾಗಿ ದಾಕು ಕೊಡುವುದಿಲ್ಲವೆಂದು ಮೇಲಿನವರು ಆಗಲೇ ಹೇಳಿದ್ದಾರೆ, ಆ ಹಳ್ಳಿಯ ಪಾಲು ಇನ್ನೊಂದು ತಾಲ್ಲೂಕಿಗೆ ಹೋಗುತ್ತದೆ, ಪಟ್ಟಿ ತೆಗೆದು ಕಾಲಂ ಸರಿಮಾಡಿ ಒಂದು ತಿದ್ದುಪಡಿ ಕಳಿಸಿದರೆ ಇನ್ನೂ ಹೊತ್ತಿದೆ.

“ನಂಗೆ ಇನಾಮು ಬೇಡ ಗುಮಾಸ್ತರೇ,” ಎಂದರು. “ದಾಕು ಬೇಕು.”

ತಿದ್ದುಪಡಿ ಎಂದರೆ ತಪ್ಪು ಬರೆದವನು ಯಾರು ಎಂಬ ಪ್ರಶ್ನೆ. ನನ್ನ ಕೆಲಸ ಖಾಯಂ ಆಗುವುದು ಆ ಮಾರ್ಚಿಯಲ್ಲಿ. ನೋಡೋಣ ಸಾಬ್ರೇ, ಶಿರಸ್ತೇದಾರರು ಬರಲಿ ಎಂದೆ. (ಹಾಗಾದರೆ ಅವರು ರಜೆಯಲ್ಲೇ ಇದ್ದರು!) ಅವರು ಕಿಟಕಿಕಟ್ಟೆಯ ಮೇಲಿನ ಪಟ್ಟಿಗಳ ಕಡೆ ನೋಡಿದರೇ? ನೋಡಿದಂತೆ ನೆನಪು. ಹೊರಡುವಾಗ, ಮಗುಗೆ ಮುದ್ರೆ ಆಯ್ತಾ ಎಂದು ಕೇಳಿದರು. ಆಗಿದೆ ಎಂದು ಸುಳ್ಳು ಹೇಳಿದೆ.

ಸನ್ಮಾನದ ದಿನದ ಒಂದು ಗುಂಪುಫೋಟೋ ನನ್ನ ಹತ್ತಿರ ಇದೆ. ನನ್ನ ನೆನಪಿನಲ್ಲಿ ಸಾಬರು ಬರಿತಲೆಯಲ್ಲಿದ್ದಾರೆ, ಗಾಳಿಗೆ ಕೂದಲು ಹಾರುತ್ತಿದೆ. ಫೋಟೋದಲ್ಲಿ ಕರಿ ಟೋಪಿ ಇದೆ. ನನ್ನ ನೆನಪಿನಲ್ಲಿ ಹಿಂದೆ ಮಧುಗಿರಿ ಬೆಟ್ಟ ನಿಂತಿದೆ. ಫೋಟೋದಲ್ಲಿ ಒಂದು ಪರದೆ ಇದೆ, ಅಷ್ಟೆ. ಆದ್ದರಿಂದ ಮುಂದೆ ಹೇಳುವುದನ್ನು ಕಿವಿಯಿಂದ ಹೇಳುತ್ತೇನೆ, ಕಣ್ಣಿನಿಂದಲ್ಲ.

ಅವರಿಗೆ ಶಾಲು ಹೊದಿಸಿದರು, ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಟ್ಟರು, ಒಂದು ಟೈಂಪೀಸು ಕೊಟ್ಟರು. ನನ್ನ ವಾಕ್ಯವನ್ನು ಯಾರೋ ಮೈಕಿನಲ್ಲಿ ಓದಿದರು. ಆಮೇಲೆ ಅಧ್ಯಕ್ಷತೆ ವಹಿಸಿದ್ದವರು ಎರಡು ಮಾತಾಡಿ ಎಂದು ಸಾಬರನ್ನು ಮೈಕಿನ ಮುಂದೆ ನಿಲ್ಲಿಸಿದರು. ಉಳಿದ ಸನ್ಮಾನಿತರು ಕೈಮುಗಿದು ಸರಿದುಕೊಂಡಿದ್ದರು. ಇವರು ಸರಿಯಲಿಲ್ಲ.

“ಸ್ವಾಮಿ, ಈ ಸೊನ್ನೆ ನಂದಲ್ಲ. ಅಲ್ಲಿ ಅಮ್ಮ ಇದ್ದಾಳೆ.” ಉತ್ತರದ ಕಡೆಗೆ ಕೈ ತೋರಿಸಿದರು. “ಇನ್ನೂ ಇದ್ದಾಳೆ. ದಯವಿಟ್ಟು ಆ ಕಡೆ ನೋಡಿ.”

ಆಮೇಲೆ ಚಪ್ಪಾಳೆ ಶುರುವಾಯಿತು. ಮೊದಲು ವೇದಿಕೆಯಲ್ಲಿ, ಅಲ್ಲಿಂದ ಹಿಂದಿನ ಸಾಲುಗಳಿಗೆ, ಕೊನೆಗೆ ಬೇಲಿಯ ಆಚೆ ನಿಂತವರಿಗೆ. ಜನ ಕೇಳಿಸಿಕೊಂಡದ್ದು ಬೇರೆ. ನಾನೇನೂ ಮಾಡಲಿಲ್ಲ, ಎಲ್ಲ ಆ ತಾಯಿಯ ದಯೆ ಎಂದು ಈ ಮನುಷ್ಯ ಹೇಳುತ್ತಿದ್ದಾನೆ ಎಂದುಕೊಂಡರು. ನನ್ನ ಪಕ್ಕದಲ್ಲಿದ್ದ ಮೇಷ್ಟರೊಬ್ಬರ ಕಣ್ಣು ಒದ್ದೆಯಾಗಿತ್ತು. ಅಧ್ಯಕ್ಷರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

“ನೋಡ್ರೀ, ಸಾಬರ ಬಾಯಲ್ಲಿ ಅಮ್ಮನ ಹೆಸರು. ದೇಶಕ್ಕೆ ಇನ್ನೇನ್ರೀ ಬೇಕು?”

ಚಪ್ಪಾಳೆ ಮತ್ತೆ ಎದ್ದಿತು. ಸಾಬರು ಇನ್ನೂ ಏನೋ ಹೇಳಲು ಬಾಯಿ ತೆರೆದರು, ಮೈಕು ಅವರ ಹತ್ತಿರ ಇರಲಿಲ್ಲ. ಅವರು ತೋರಿಸಿದ ದಿಕ್ಕಿಗೆ ಅಧ್ಯಕ್ಷರು ಕೈಮುಗಿದರು ಎಂದು ನಾನು ಹೇಳುವುದುಂಟು. ಅದು ಅತಿಯಾಯಿತೇನೋ. ಫೋಟೋದಲ್ಲಿ ಅವರ ಕೈ ಮುಗಿದೇ ಇದೆ, ಆದರೆ ಅಂಥವರ ಕೈ ಎಲ್ಲ ಫೋಟೋಗಳಲ್ಲೂ ಮುಗಿದಿರುತ್ತದೆ.

ಒಂದೇ ಒಂದು ಮಾತು, ಸಿಡುಬು, ಅವರು ಆಡಿದ್ದರೆ ಸಾಕಿತ್ತು. ನಾಲಿಗೆಗೆ ಬರಲಿಲ್ಲ. ಮೈದಾನದಲ್ಲಿ ಅವರು ಆಡಿದ ಮಾತಿನ ಅರ್ಥ ಗೊತ್ತಿದ್ದವನು ನಾನೊಬ್ಬ ಇದ್ದೆ. ನಾನು ಚಪ್ಪಾಳೆ ತಟ್ಟಿದೆನೇ? ಎಲ್ಲರೂ ತಟ್ಟುವಾಗ ಕೈಕಟ್ಟಿ ಕೂತಿದ್ದೆ ಎಂದು ನಂಬಲು ನನಗೇ ಕಷ್ಟ.

ಅದಾದ ಮೇಲೆ ನನ್ನ ನಿದ್ದೆ ಕೆಟ್ಟಿತು ಎಂದರೆ ಪಶ್ಚಾತ್ತಾಪವೆಂದು ತಿಳಿಯಬೇಡಿ. ಅದು ಹೆದರಿಕೆ. ಇನ್ನೂ ಇದ್ದಾಳೆ ಎಂದರಲ್ಲ. ನಾಲ್ಕು ದಿನದ ಮೇಲೆ, ಅತ್ತೆ ನೆಂಟರ ಮನೆಗೆ ಹೋದದ್ದು ನೋಡಿಕೊಂಡು, ಮಗುವನ್ನು ಟವಲಿನಲ್ಲಿ ಸುತ್ತಿ ಬಸ್ ಸ್ಟಾಂಡಿನ ಹಿಂದೆ ಸಾಬರು ಬಾಡಿಗೆಗಿದ್ದ ಕೋಣೆಗೆ ಒಯ್ದೆ. ನನ್ನ ಸುಳ್ಳನ್ನು ಅವರು ನೆನಪಿಸಲಿಲ್ಲ. ಚಿಮಣಿಯ ಉರಿಗೆ ಸೂಜಿ ಕಾಯಿಸಿ ಆರಿಸಿದರು, ಫ್ಲಾಸ್ಕು ಬಗ್ಗಿಸಿ ನೋಡಿದರು, ಇಷ್ಟೇ ಉಳಿದಿದೆ ಎಂದರು. ಮಗುವಿನ ತೋಳಿನ ಮೇಲೆ ಮದ್ದಿನ ತೊಟ್ಟು ಇಟ್ಟು, ಸೂಜಿಯ ತುದಿಯ ಮುಳ್ಳುಬಿಲ್ಲೆಯನ್ನು ಒತ್ತಿ ತಿರುಗಿಸಿದರು. ಮಗು ಕಿರುಚಿತು. ಉಳಿದದ್ದನ್ನು ಅವರು ಎಲ್ಲಿಗೆ ಒಯ್ಯಬೇಕೆಂದಿದ್ದರು ಎಂದು ನಾನು ಕೇಳಲಿಲ್ಲ.

ಅತ್ತೆ ಬಂದು ತೋಳು ನೋಡಿ, ಗಾಯದ ಸುತ್ತಲೂ ಅರಿಶಿನ ಹಚ್ಚಿದರು. ಇದನ್ನು ಪೂರ್ತಿ ನಂಬಬೇಡಿ. ಈ ಕಥೆಯಲ್ಲಿ ಅರಿಶಿನ ತನಗೆ ಬೇಕಾದ ಕಡೆಯೆಲ್ಲ ಬಂದು ಕೂರುತ್ತಿದೆ.

ಮಾರ್ಚಿಯಲ್ಲಿ ನನ್ನ ಕೆಲಸ ಖಾಯಂ ಆಯಿತು. ದಾಕು ಬರಲಿಲ್ಲ. ಏಪ್ರಿಲ್ಲಿನಲ್ಲಿ ಆ ಹಳ್ಳಿಯ ತೋಟಿ ಪಟ್ಟಿ ತಂದು, ಮೇಜಿನ ಮೇಲಿಡದೆ ನೆಲದ ಮೇಲೆ ಇಟ್ಟು ದೂರ ನಿಂತ. ಹಾಳೆ ಸಾಲದೆ ಹಿಂಬದಿಗೂ ಬರೆದಿದ್ದರು. ಕೈಬರಹ ಬೇರೆಯದು. ಕಾರಣದ ಜಾಗದಲ್ಲಿ ಎಲ್ಲಕ್ಕೂ ಜ್ವರ, ಜ್ವರ ಎಂದು ಮಸಿಯಲ್ಲಿ ಬರೆದಿತ್ತು. ಓದುತ್ತ ಹೋದೆ. ನಡುವಿನಲ್ಲಿ ಎಲ್ಲೋ ಶಾನುಭೋಗರ ಹೆಸರೂ ಇತ್ತು. ಅವರ ಪಕ್ಕದಲ್ಲೂ ಜ್ವರ. ಬೊಟ್ಟು ಇಡುವವರು ಯಾರೂ ಉಳಿದಿರಲಿಲ್ಲ.

ಹಳ್ಳಿಯೊಳಗೇ ಮುಗಿದಿದ್ದರೆ ಇದು ಕೂಡ ತಖ್ತೆಯೊಳಗೆ ಇಳಿದು ಹೋಗುತ್ತಿತ್ತು. ಆದರೆ ಅದು ಬಸ್ ರಸ್ತೆಗೆ ಬಂತು, ರಸ್ತೆಯ ಪಕ್ಕದ ದೊಡ್ಡ ಮನೆಯೊಂದರ ಮದುವೆಯಾಗಬೇಕಿದ್ದ ಹುಡುಗಿಯನ್ನು ತೆಗೆದುಕೊಂಡು ಹೋಯಿತು. ಆ ಮನೆಯವರ ಮಾತು ತುಮಕೂರಿನಲ್ಲಿ ನಡೆಯುತ್ತಿತ್ತು. ಆಮೇಲೆ ಜೀಪುಗಳು ಬಂದವು, ದಾಕು ಬಂತು, ಅಮಲ್ದಾರರು ಊರ ಮುಂದೆ ಕೂತರು. ಸಾಬರು ಜನವರಿಯಲ್ಲಿ ಕೇಳಿದ್ದೆಲ್ಲ ಜೂನಿನಲ್ಲಿ ನಡೆಯಿತು. ಅದರ ಜೊತೆಗೆ ವಿಚಾರಣೆಯೂ ಬಂತು. ಸೊನ್ನೆ ತೋರಿಸಿ ಪ್ರಶಸ್ತಿ ಪಡೆದ ನೌಕರನ ಸರ್ಕಲ್ಲಿನಲ್ಲಿ ಇಷ್ಟು ಸಾವು ಹೇಗೆ ಎಂಬುದು ಪ್ರಶ್ನೆ.

ಜಿಲ್ಲೆಯಿಂದ ಬಂದ ಅಧಿಕಾರಿ ನಮ್ಮ ಶಿರಸ್ತೇದಾರರ ಕುರ್ಚಿಯಲ್ಲಿ ಕೂತರು. ಸಾಬರು ಎದುರಿಗೆ ನಿಂತಿದ್ದರು, ಕರಿ ಟೋಪಿಯಲ್ಲಿ. ಇದು ಫೋಟೋದಿಂದ ಬಂದ ಟೋಪಿಯೂ ಇರಬಹುದು. ತಾವು ಯಾವ ಸೊನ್ನೆಯನ್ನೂ ಕೊಟ್ಟಿಲ್ಲ, ಶಾನುಭೋಗರ ಪಟ್ಟಿಯಲ್ಲಿ ಗುರುತಿರುತ್ತದೆ, ನೋಡಬೇಕು ಎಂದರು. ಗುರುತಿನ ವಿಷಯ ಅವರಿಗೆ ಶಾನುಭೋಗರೇ ಹೇಳಿದ್ದಿರಬೇಕು. ಪಟ್ಟಿ ತರಲು ಅಧಿಕಾರಿ ನನಗೆ ಹೇಳಿದರು.

ಕಿಟಕಿಕಟ್ಟೆಯಿಂದ ತಂದೆ. ಕಾಗದ ಕಂದಿ ಒರಟಾಗಿತ್ತು. ಮಸಿಯಲ್ಲಿ ಬರೆದ ಹೆಸರು, ವಯಸ್ಸು ಎಲ್ಲ ಹಾಗೇ ಇದ್ದವು. ಕಾರಣದ ಮನೆಗಳು ಖಾಲಿ. ಬೊಟ್ಟುಗಳಿರಲಿಲ್ಲ. ಅರಿಶಿನದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಬಣ್ಣ ಹಾರುತ್ತದೆ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ? ನನ್ನ ಹೆಂಡತಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ಐದು ತಿಂಗಳು ಆ ಕಾಗದಗಳನ್ನು ಅಲ್ಲೇ ಬಿಟ್ಟಿದ್ದಾಗ ನನಗೆ ಗೊತ್ತಿತ್ತೇ?

ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ನನ್ನ ಕಡೆ ನೋಡಿದರು.

“ಇಲ್ಲಿ ಏನಾದ್ರೂ ಬರೆದಿತ್ತೇನ್ರೀ?”

“ಬರೆದಿರಲಿಲ್ಲ, ಸಾರ್.”

ಬರೆದಿರಲಿಲ್ಲ, ನಿಜ. ಇಟ್ಟಿದ್ದರು. ಅವರು ಹಾಗೆ ಕೇಳಲಿಲ್ಲ, ನಾನು ಹಾಗೆ ಹೇಳಲಿಲ್ಲ. ಸಾಬರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದರು.

ಅವರ ಬಡ್ತಿ ನಿಂತಿತು, ದೂರದ ಜಿಲ್ಲೆಗೆ ವರ್ಗವಾಯಿತು, ಪ್ರಶಸ್ತಿಯನ್ನು ವಾಪಸು ಒಪ್ಪಿಸಬೇಕೆಂದು ಆಜ್ಞೆ ಬಂತು. ಒಪ್ಪಿಸಿಕೊಂಡು ರಸೀತಿ ಬರೆಯುವ ಕೆಲಸ ನನ್ನದೇ. ಅವರು ಪತ್ರವನ್ನೂ ಶಾಲನ್ನೂ ಟೈಂಪೀಸನ್ನೂ ಒಂದು ನ್ಯೂಸ್‌ಪೇಪರಿನಲ್ಲಿ ಸುತ್ತಿ ತಂದಿದ್ದರು. ಶಾಲಿನ ಮಡಿಕೆ ಬಿಚ್ಚಿಯೇ ಇರಲಿಲ್ಲ. ಟೈಂಪೀಸಿಗೆ ಕೀಲಿ ಕೊಟ್ಟಿತ್ತು, ಕಟ್ಟಿನೊಳಗೇ ಟಿಕಟಿಕ ಎನ್ನುತ್ತಿತ್ತು. ನಾನು ರಸೀತಿ ಬರೆದೆ, ದುಂಡಗೆ. ಅವರು ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರು.

“ಮಗು ಕೈ ಹೆಂಗಿದೆ?” ಎಂದರು. “ಮುದ್ರೆ ಚೆನ್ನಾಗಿ ಕೂತಿದೆಯಾ?”

ಕೂತಿದೆ ಎಂದೆ. ಒಳ್ಳೇದು ಎಂದು ಸೈಕಲ್ಲಿನ ಕಡೆ ಹೋದರು. ಫ್ಲಾಸ್ಕು ಇರಲಿಲ್ಲ, ಅದನ್ನೂ ಒಪ್ಪಿಸಿಬಿಟ್ಟಿದ್ದರು.

ಆಮೇಲೆ ನಾನು ಸಿರಾದಲ್ಲೂ ಮೂರು ವರ್ಷ ಇದ್ದೆ. ಅವರ ಮನೆ ಯಾವ ಬೀದಿಯಲ್ಲಿದೆ ಎಂದು ವಿಚಾರಿಸಿಕೊಂಡೆ. ಆ ಬೀದಿಯಲ್ಲಿ ಎಷ್ಟೋ ಸಲ ನಡೆದೆ, ನಿಲ್ಲಲಿಲ್ಲ. ನಿವೃತ್ತಿಗೆ ಮೊದಲು ನನಗೂ ಒಂದು ಪ್ರಶಸ್ತಿಪತ್ರ ಬಂತು, ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟದ್ದಕ್ಕೆ. ಅದನ್ನು ಗೋಡೆಗೆ ಹಾಕಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಕಿದ್ದೆ. ಮನೆಗೆ ಸುಣ್ಣ ಹೊಡೆಸಿದಾಗ ಇಳಿಸಿದ್ದು, ಮತ್ತೆ ಹಾಕಲು ಮರೆತೆವು.

ಮಗಳು ಬಂದಾಗ ಒಮ್ಮೊಮ್ಮೆ ಅವಳ ತೋಳು ನೋಡುತ್ತೇನೆ. ಗುರುತು ದೊಡ್ಡದಾಗಿದೆ, ಅವಳ ಜೊತೆ ಬೆಳೆದಿದೆ. ಅದು ಇದೆ, ಅಷ್ಟು ಗೊತ್ತು. ಅದೇ ತೊಟ್ಟು ಬೇರೆ ಯಾವ ತೋಳಿಗೆ ಹೋಗಬೇಕಿತ್ತು, ಗೊತ್ತಿಲ್ಲ. ಶಿರಸ್ತೇದಾರರು ಆ ಮಾತು ಆಡಿದ್ದರೋ, ಅವರ ಕುರ್ಚಿಯಲ್ಲಿ ಬೆಕ್ಕು ಮಲಗಿತ್ತೋ, ಗೊತ್ತಿಲ್ಲ. ಆ ಪಟ್ಟಿಗಳನ್ನು ಬಿಸಿಲಿನಲ್ಲಿ ಇಟ್ಟದ್ದು ಸೋಮಾರಿತನವೋ ಇನ್ನೇನೋ, ಗೊತ್ತಿಲ್ಲ. ಮುದ್ರೆ ಚೆನ್ನಾಗಿ ಕೂತಿದೆಯಾ ಎಂದು ಕೇಳಿದಾಗ ಸಾಬರಿಗೆ ಎಲ್ಲ ಗೊತ್ತಿತ್ತೋ, ಅಥವಾ ಮಗುವಿನ ಕೈಯನ್ನಷ್ಟೇ ಕೇಳಿದರೋ, ಅದೂ ನನಗೆ ಗೊತ್ತಿಲ್ಲ.